ಅಕ್ಕನ ಹೆಗಲು

ರಾಯಚೂರಿನಲ್ಲಿ ನನ್ನದು ಡ್ರೆಸ್ ಬಾಡಿಗೆ ಅಂಗಡಿ. ಗಿಲ್ಲೆಸುಗೂರಿನಿಂದ ಬಸ್ಸು ಹಿಡಿದು ಬಂದು, ತಲೆಯ ಮೇಲೆ ಗಂಟು ಹೊತ್ತು ಮನೆಮನೆಗೆ ಬಟ್ಟೆ ಮಾರಿ ಕಟ್ಟಿದ್ದು. ಚೌಕಾಸಿ ಮಾಡದೆ ನಾನು ಉಪ್ಪನ್ನೂ ಕೊಂಡವಳಲ್ಲ. ಒಂದು ಕಾಲೇಜಿನ ಆಟದ ಮೇಷ್ಟ್ರು ಬಂದು, ಹುಡುಗಿಯರ ಚಿಯರ್‌ಲೀಡಿಂಗ್ ಸ್ಪರ್ಧೆಗೆ ಡ್ರೆಸ್ ಬೇಕು, ಬಾಡಿಗೆ ಇಳಿಸಿ ಎಂದರು. ಇಳಿಸುತ್ತೇನೆ, ಮೊದಲು ಅವರು ಏನು ಕುಣಿಯುತ್ತಾರೋ ತೋರಿಸಿ ಅಂದೆ. ನೋಡಲು ಹೋದವಳು ದಿನಾ ಸಂಜೆ ಹೋಗತೊಡಗಿದೆ.

ಮೇಷ್ಟ್ರಿಗೆ ಹುಡುಗಿಯರ ಮೈ ಪಳಗಿಸುವುದು ಗೊತ್ತಿತ್ತು, ಯಾವುದನ್ನು ಯಾವಾಗ ತೋರಿಸಬೇಕೆಂಬುದು ಗೊತ್ತಿರಲಿಲ್ಲ. ಹಾಡು ಶುರುವಾದ ಕೂಡಲೇ ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲುವ ಪಿರಮಿಡ್ ಕಟ್ಟಿಸಿಬಿಡುತ್ತಿದ್ದರು. ಅಂಗಡಿಗೆ ಬಂದವರ ಮುಂದೆ ನಾನು ಅತಿ ಚಂದದ ಸೀರೆಯನ್ನು ಮೊದಲೇ ಬಿಚ್ಚುವುದಿಲ್ಲ. ತಂಡ ಕಟ್ಟುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಮೊದಲು ಜಿಗಿತ ತೋರಿಸಿ ಕಣ್ಣು ಸೆಳೆಯಿರಿ. ಏದುಸಿರು ಬರುವ ನಡುಭಾಗದಲ್ಲಿ ಚಪ್ಪಾಳೆ, ಘೋಷಣೆ ಇಡಿ. ಹುಡುಗಿಯರು ಸುಧಾರಿಸಿಕೊಳ್ಳುತ್ತಾರೆ, ನೋಡುವವರಿಗೆ ತಿಳಿಯುವುದಿಲ್ಲ. ಪಿರಮಿಡ್ ಕೊನೆಗೆ. ಅದರಲ್ಲೂ ಮೇಲೆ ನಿಲ್ಲುವವಳನ್ನು ಹುಡುಕುವ ಮೊದಲು ಕೆಳಗೆ ನಿಲ್ಲುವವಳನ್ನು ಹುಡುಕಿ.

ನಮಗೆ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕರು. ದೇವದುರ್ಗದ ಅಕ್ಕ ತಂಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಅಕ್ಕನದು ಡಿಗ್ರಿಯ ಕೊನೆಯ ವರ್ಷ, ತಂಗಿಯದು ಮೊದಲನೆಯದು. ಅವ್ವ ಕೂಲಿಗೆ ಹೋದಾಗ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ಸುತ್ತಿದ ಹುಡುಗಿ ಆ ಅಕ್ಕ. ಈಗ ಅದೇ ಹೆಗಲ ಮೇಲೆ ತಂಗಿ ನಿಲ್ಲುತ್ತಿದ್ದಳು. ಅವಳು ನಿಂತರೆ ಅಕ್ಕನ ಮುಖದಲ್ಲಿ ಒಂದು ನರವೂ ಅಲುಗುತ್ತಿರಲಿಲ್ಲ.

ಸ್ಪರ್ಧೆಗೆ ಮೊದಲು ಜನರ ಎದುರು ಒಮ್ಮೆ ಮಾಡಿಸೋಣವೆಂದು ದೇವದುರ್ಗದ ಒಂದು ಕಾರ್ಯಕ್ರಮಕ್ಕೆ ಕರೆದೊಯ್ದೆವು. ಪಿರಮಿಡ್ ನಿಂತಿತು, ಜನ ಸಿಳ್ಳೆ ಹೊಡೆದರು. ಅಷ್ಟರಲ್ಲಿ ತಂಗಿಯ ಕಾಲಿನ ಹೆಬ್ಬೆರಳು ಅಕ್ಕನ ಕೆನ್ನೆಗೆ ತಾಗಿತು. ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಕೂಸಿದ್ದಾಗಿನಿಂದ ಕೈಗೆ ಬಂದ ರೂಢಿ. ಈ ಹುಡುಗಿ ಅಷ್ಟು ಮೇಲೆ ನಿಂತಲ್ಲಿಂದಲೇ ಬಗ್ಗಿ ಅಕ್ಕನನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಪಿರಮಿಡ್ ಪೂರ್ತಿ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅಕ್ಕ ಮೊಣಕೈ ಜಾಡಿಸುತ್ತ ಎದ್ದು ಬೈದಳು.

“ಏನಿದ್ರೂ ಹತ್ತೂದ್ರೊಳಗ ಮುಗಿಸ್ಕೋಬೇ. ಮ್ಯಾಲ ಹೋದ್ ಮ್ಯಾಲ ನನ್ನ ನೆನಪ ತೆಗೀಬ್ಯಾಡ.”

ಅಂದಿನಿಂದ ತಂಗಿ ಹತ್ತುವ ಮುಂಚೆ ಅಕ್ಕನ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತತೊಡಗಿದಳು. ಮೇಷ್ಟ್ರು ಇದನ್ನು ತೆಗೆಸಲು ನೋಡಿದರು. ಬೇಡ, ನಮ್ಮ ಜನಕ್ಕೆ ಇದು ನಾಟುತ್ತದೆ, ಇದಕ್ಕೆ ಖರ್ಚೂ ಇಲ್ಲ ಎಂದು ನಾನೇ ರುಟೀನಿನಲ್ಲಿ ಉಳಿಸಿದೆ.

ಅಕ್ಕ ತಂಗಿಯರ ಅಪ್ಪ ದೇವದುರ್ಗದ ಕಚೇರಿಯೊಂದರಲ್ಲಿ ಜವಾನ. ಟಿವಿಯಲ್ಲಿ ಕ್ರಿಕೆಟ್ ನೋಡಿ, ಚಿಯರ್ ಎಂದರೆ ತುಂಡು ಲಂಗ ಎಂದು ತಿಳಿದು ಸ್ಪರ್ಧೆಗೆ ಹಿಂಜರಿಯುತ್ತಿದ್ದರು. ನಾನು ಹಿಮ್ಮಡಿಯವರೆಗಿನ ಪ್ಯಾಂಟು, ಉದ್ದ ತೋಳಿನ ಅಂಗಿ ಒಯ್ದು ಅವರ ಕೈಗೇ ಕೊಟ್ಟೆ. ಬಟ್ಟೆಯನ್ನು ತಿರುವಿ ಹಾಕಿ ನೋಡಿ ಹೂಂ ಎಂದರು. ಅಕ್ಕನ ಅಂಗಿಗೆ ಹೆಗಲ ಬಳಿ ಒಳಗಿನಿಂದ ದಪ್ಪ ಬಟ್ಟೆ ಹಚ್ಚಿ ಹೊಲಿಸಿದ್ದೆ.

ಆದರೆ ಸ್ಪರ್ಧೆಗೆ ಮುಂಚೆಯೇ ಅಕ್ಕನ ಮದುವೆ ಕೂಡಿಬಂತು. ಮಾನವಿಯ ಸಂಬಂಧ, ಹುಡುಗನಿಗೆ ನೌಕರಿ ಇತ್ತು. ಅವಳೂ ಒಪ್ಪಿದ್ದಳು. ಪರೀಕ್ಷೆ ಬರೆಯಲು ಬಿಡುತ್ತೇವೆ ಎಂದು ಗಂಡಿನ ಕಡೆಯವರು ಹೇಳಿದ್ದರು. ಪಿರಮಿಡ್ ಬಗ್ಗೆ ಯಾರೂ ಕೇಳಿರಲಿಲ್ಲ. ಮದುವೆಯಾದ ಮೇಲೆ ಆ ಮನೆಯಿಂದ ಅವಳು ಪ್ರ್ಯಾಕ್ಟೀಸಿಗೆ ಬರಲಿಲ್ಲ. ತಂಗಿ ಬೇರೆಯವರ ಹೆಗಲು ಹತ್ತಲು ಒಪ್ಪಲಿಲ್ಲ, ಮೈದಾನದ ಅಂಚಿನಲ್ಲಿ ಕೂತುಬಿಟ್ಟಳು. ಸ್ಪರ್ಧೆಯ ಒಂದು ದಿನದ ಮಾತು, ಕೇಳಿದರೆ ಕಳಿಸಿಕೊಟ್ಟಾರು ಎಂದು ನಾನೇ ಮಾನವಿಗೆ ಹೊರಟೆ.

ಅಕ್ಕನ ಅತ್ತೆ ಒಳ್ಳೆಯ ಹೆಂಗಸು. ಚಹಾ ಕೊಟ್ಟು, ಎದುರು ಕೂತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಮಾರಿದ ಸೀರೀನ ಒಂದ್ ದಿನದ ಮಟ್ಟಿಗೆ ಕೊಡ್ರಿ ಅಂತ ಗಿರಾಕಿ ಮನಿಗೆ ಹೋಗ್ತೀರೇನ್ರೀ ನೀವು?” ಅಂದರು.

ನನ್ನ ದಂಧೆಯೇ ಒಂದು ದಿನಕ್ಕೆ ಕೊಟ್ಟು ವಾಪಸು ತರುವುದು ಎಂದೆ. ನಗುತ್ತಾರೆ ಅಂದುಕೊಂಡಿದ್ದೆ.

“ನಮ್ಮ ಸೊಸಿ ಬಾಡಿಗಿ ಬಟ್ಟಿ ಅಲ್ರೀ. ಮ್ಯಾಲ ಯಾರನ್ನಾರ ನಿಂದ್ರಿಸಿಕೊಂಡು ಆಕಿ ನಡಕ್ಕ ಏನಾರ ಆದ್ರ, ನಾಳೆ ಮಕ್ಳು ಮರಿ ಆಗೂದು ಅದ.”

ನಾನು ಮಾತಿಗೆ ಇನ್ನೊಂದು ದಾರಿ ಹಿಡಿದೆ, ಮತ್ತೊಂದು ಹಿಡಿದೆ. ಕೊನೆಗೆ ಅವರೇ ಸೊಸೆಯ ಕಡೆ ನೋಡಿ, ಸ್ಪರ್ಧೆ ನೋಡಲಿಕ್ಕೆ ಕರೆದುಕೊಂಡು ಬರುತ್ತೇನೆ, ಕುರ್ಚಿಯಲ್ಲಿ ಕೂತು ನೋಡಲಿ ಎಂದರು. ನನಗೆ ದಕ್ಕಿದ್ದು ಅಷ್ಟೇ. ಬಾಗಿಲವರೆಗೆ ಬಂದ ಅಕ್ಕ ಮೆಲ್ಲಗೆ, “ಆಕಿಗೆ ನಿಲ್ಲಾಕ ಹೇಳ್ರಿ, ಯಾರ್ ಮ್ಯಾಲಾದ್ರೂ ಆಗಲಿ” ಎಂದಳು. ಆ ಮಾತನ್ನು ಒಯ್ದು ತಂಗಿಗೆ ಮುಟ್ಟಿಸಿದೆ. ಅವಳು ಎದ್ದು ಬಂದಳು.

ಕಲ್ಮಲದ ಗಟ್ಟಿಮುಟ್ಟಾದ ಹುಡುಗಿಯೊಬ್ಬಳನ್ನು ಕೆಳಗೆ ನಿಲ್ಲಿಸಿದೆವು. ಅಕ್ಕನ ಅಂಗಿಯನ್ನು ಅವಳಿಗೆ ತೊಡಿಸಿದೆ. ಪ್ರ್ಯಾಕ್ಟೀಸಿನಲ್ಲಿ ತಂಗಿ ಹೆಗಲು ಮುಟ್ಟದೆ ಹತ್ತುತ್ತಿದ್ದಳು. ಸ್ಪರ್ಧೆಯ ದಿನವಾದರೂ ಮುಟ್ಟು, ಅದು ರುಟೀನಿನಲ್ಲಿದೆ ಎಂದು ಹೇಳಿ ನೋಡಿದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು.

ರಾಯಚೂರಿನಲ್ಲಿ ಸ್ಪರ್ಧೆ. ಅಕ್ಕ ಅತ್ತೆಯ ಪಕ್ಕದ ಕುರ್ಚಿಯಲ್ಲಿ, ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಕೊನೆಯಲ್ಲಿ ತಂಗಿ ಮುಟ್ಟದೆಯೇ ಹತ್ತಿದಳು. ನಿಂತಳು, ಕೈ ಚಾಚಿದಳು, ಒಂದಿಷ್ಟೂ ಹೊಯ್ದಾಡದೆ ಇಳಿದಳು. ನಾನು ನಡುನಡುವೆ ಕುರ್ಚಿಗಳ ಕಡೆಯೂ ನೋಡುತ್ತಿದ್ದೆ. ತಂಗಿ ಮೇಲಿದ್ದಷ್ಟು ಹೊತ್ತೂ ಅಕ್ಕನ ಹೆಗಲು ಬಿಗಿದುಕೊಂಡೇ ಇತ್ತು, ಇಳಿದ ಮೇಲೆಯೇ ಸಡಿಲಾಯಿತು.

ನಮ್ಮ ತಂಡಕ್ಕೆ ಮೊದಲ ಬಹುಮಾನ ಎಂದರು. ಹುಡುಗಿಯರು ಕೂಗುತ್ತಿರುವಾಗ ತಂಗಿ ಸೀದಾ ಕುರ್ಚಿಗಳ ಕಡೆ ಓಡಿ, ಸೆರಗಿನ ಮೇಲಿಂದಲೇ ಅಕ್ಕನ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹಾಗೇ ನಿಂತಳು. ಕೈ ತೆಗೆಯಲಿಲ್ಲ. ಅಕ್ಕ ಆ ಕೈಯನ್ನು ಕಣ್ಣಿನಿಂದ ಬಿಡಿಸಿದಳು.

“ನನಗ್ಯಾಕಬೇ? ಇವತ್ತ ನಿನ್ನ ಹೊತ್ತಾಕಿ ಆಕಿ. ಹೋಗು, ಆಕಿಗೆ ಮಾಡು.”

ತಂಗಿ ಹೋದಳು. ಕಲ್ಮಲದ ಹುಡುಗಿಯ ಮುಂದೆ ನಿಂತು, ಅಕ್ಕನಿಗೆಂದು ನಾನು ಹೊಲಿಸಿದ್ದ ಅಂಗಿಯ ಹೆಗಲು ಮುಟ್ಟಿದಳು. ಅವಳು ತಿರುಗಿ ನೋಡುವಷ್ಟರಲ್ಲಿ ಮಾನವಿಯ ಬಸ್ಸಿಗೆ ಹೊತ್ತಾಯಿತೆಂದು ಅತ್ತೆ ಎದ್ದಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಅವರ ಹಿಂದೆ ನಡೆದಳು.