ದೀವಟಿಗೆ ನರಸಯ್ಯನ ನಾಲಿಗೆ

ಸಾವನದುರ್ಗದ ಬೆನ್ನಿಗಿರುವ ಬಿಳಿಗಲ್ಲುಪಾಳ್ಯದಲ್ಲಿ ರಂಗಪ್ಪನ ಗುಡಿಗೆ ದೀವಟಿಗೆ ಹಿಡಿಯುವುದು ನರಸಯ್ಯನ ಮನೆತನದ ಕೆಲಸ. ಸಂಜೆ ಮಂಗಳಾರತಿ ಆಗುತ್ತಿದ್ದಂತೆ ಎಣ್ಣೆಬಟ್ಟೆಯ ದೀವಟಿಗೆ ಹೊತ್ತಿಸಿಕೊಂಡು ಗರುಡಗಂಬದ ಪಕ್ಕ ನಿಲ್ಲಬೇಕು. ಹೊರಗೆ ಜಗಲಿಯ ಮೇಲೆ ಮತೀನ್ ಸಾಬಿಯ ನಗಾರಿ ಮೊಳಗುತ್ತದೆ. ಆಗ ದೀವಟಿಗೆಯನ್ನು ದೇವರ ಕಡೆಗೆ ಬಗ್ಗಿಸಿ, ಕೆರೆ ಏರಿಯ ಮೇಲಿರುವವರಿಗೂ ಕೇಳುವಂತೆ ‘ಸಲಾಂ’ ಎಂದು ಕೂಗಬೇಕು. ಅದಕ್ಕೆ ಸಲಾಂ ಮಂಗಳಾರತಿ ಎಂದೇ ಹೆಸರು.

ಇದು ಹೇಗೆ ಬಂತು ಎಂದರೆ ಹಳಬರು ಒಂದು ಕತೆ ಹೇಳುತ್ತಿದ್ದರು. ದುರ್ಗದ ಕೋಟೆ ನೋಡಲು ಹೊರಟ ಸುಲ್ತಾನನ ಕುದುರೆ ಈ ಊರಿನ ಏರಿಯ ಮೇಲೆ ಬಿದ್ದುಬಿಟ್ಟಿತಂತೆ. ಏನು ಮಾಡಿದರೂ ಏಳದ ಕುದುರೆ ರಂಗಪ್ಪನ ತೀರ್ಥ ಚಿಮುಕಿಸಿದ ಮೇಲೆ ಎದ್ದಿತಂತೆ. ಸುಲ್ತಾನ ಬಾಗಿಲ ಹೊರಗೇ ನಿಂತು ದೇವರಿಗೆ ಸಲಾಂ ಮಾಡಿ, ತನ್ನ ಪರವಾಗಿ ದಿನಾ ಒಂದು ಸಲಾಂ ಸಲ್ಲಲಿ ಎಂದು ದೀವಟಿಗೆಯ ಎಣ್ಣೆಗೆ ಹೊಲ ಬಿಟ್ಟನಂತೆ. ಅದೇ ಸುಲ್ತಾನ ಬೇರೆ ಸೀಮೆಗಳಲ್ಲಿ ಗುಡಿ ಒಡೆಸಿದ, ಜನರ ಜಾತಿ ಕೆಡಿಸಿದ ಎನ್ನುವವರೂ ಇದ್ದರು. ನರಸಯ್ಯ ಎರಡನ್ನೂ ಕೇಳಿದ್ದ, ಯಾವುದಕ್ಕೂ ತಲೆ ಕೆಡಿಸಿಕೊಂಡವನಲ್ಲ. ಅಪ್ಪ ಕೂಗುತ್ತಿದ್ದ, ಅಪ್ಪ ಸತ್ತ ಮೇಲೆ ತಾನು ಕೂಗಿದ. ಮೀಸೆ ಮೂಡುವ ಮೊದಲೇ ಹಿಡಿದ ದೀವಟಿಗೆ. ಬಲಗೈಯ ರೋಮ ಸುಟ್ಟು ಸುಟ್ಟು ಆ ಕೈ ಹೆಂಗಸರ ಕೈಯಂತೆ ನುಣ್ಣಗಾಗಿತ್ತು. ಗುಡೇಮಾರನಹಳ್ಳಿಯಲ್ಲಿ ತನ್ನದೇ ಮದುವೆಯ ದಿನ ಮದುವೆಯೂಟ ಬಿಟ್ಟು, ಯಾರದೋ ಸೈಕಲ್ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಊರು ಸೇರಿದ್ದ. ಹೆಂಡತಿ ವರಲಕ್ಷ್ಮಮ್ಮ ಅದನ್ನು ಮುದುಕಿಯಾದ ಮೇಲೂ ಆಡಿಕೊಂಡು ನಗುತ್ತಿದ್ದಳು.

ಅವರಿಗೆ ಮಕ್ಕಳಾಗಲಿಲ್ಲ. ತಮ್ಮ ತೀರಿಕೊಂಡಾಗ ಅವನ ಮಗ ಮುನಿಕೃಷ್ಣನನ್ನು ತಂದು ಸಾಕಿದರು. ಹುಡುಗ ಬೆಳೆದ, ಜೆಸಿಬಿ ಇಟ್ಟ, ಗುಡಿಯ ಜೀರ್ಣೋದ್ಧಾರ ಸಮಿತಿಗೆ ಕಾರ್ಯದರ್ಶಿಯಾದ. ಆರತಿಗೆ ಸಲಾಂ ಅನ್ನುವ ಹೆಸರು ಇನ್ನು ಬೇಡ, ನಮಸ್ಕಾರ ಅನ್ನಬೇಕು ಎಂದು ಮೇಲಿನಿಂದ ಹೇಳಿಕೆ ಬಂದಾಗ ಊರಿಗೆಲ್ಲ ಅದನ್ನು ಸಾರಿದವನು ಅವನೇ. ಜಗಲಿಯ ನಗಾರಿಯೂ ಬೇಡವೆಂದಾಯಿತು. ಅದರ ಜಾಗದಲ್ಲಿ, ಸ್ವಿಚ್ ಒತ್ತಿದರೆ ತಾನೇ ಬಡಿದುಕೊಳ್ಳುವ ಗಂಟೆ-ನಗಾರಿಯ ಯಂತ್ರ ಬಂತು. ಮತೀನ್ ತನ್ನ ನಗಾರಿಯನ್ನು ಹೊತ್ತುಕೊಂಡು ಹೋಗಿ ರೇಷ್ಮೆಹುಳದ ಮನೆಯ ಮೂಲೆಯಲ್ಲಿಟ್ಟ.

ನರಸಯ್ಯನೂ ಎದುರಾಡಲಿಲ್ಲ. ಮೊದಲ ಸಂಜೆ ಬಾಯಿ ತಪ್ಪಿ ‘ಸಲಾ’ ಎಂದು ನಿಲ್ಲಿಸಿದಾಗ ಜನ ನಕ್ಕರು. ಮಾರನೆಯ ದಿನದಿಂದ ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ನಿಂತು ನಮಸ್ಕಾರ, ನಮಸ್ಕಾರ ಎಂದು ಕೂಗಿ ಬಾಯಿಪಾಠ ಮಾಡಿದ. ಕಲಿತ. ಹೊಸ ಮಾತಿಗೆ ಹಳೆಯ ರಾಗ ಕೂಡಲಿಲ್ಲ, ಆದರೂ ಕೂಗಿದ. ದೇವರಿಗೆ ಯಾವುದಾದರೇನು ಎಂದುಕೊಂಡ.

ಒಂದು ಬೆಳಗ್ಗೆ ಹಾಲು ಕರೆಯುತ್ತಿದ್ದವನು ಹಾಗೆಯೇ ಮಗುಚಿಕೊಂಡ. ಬಲಗೈ ಬಲಗಾಲು ಬಿದ್ದುಹೋಗಿ, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ರಾಮನಗರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಣ್ಣು ಬಿಟ್ಟಾಗ ಎಲ್ಲವೂ ತಿಳಿಯುತ್ತಿತ್ತು. ಇದು ಆಸ್ಪತ್ರೆ, ಇವಳು ವರಲಕ್ಷ್ಮಿ, ಮನೆಯಲ್ಲಿ ಹಸು ಗಬ್ಬ. ಅವಳು ಬಗ್ಗಿ, “ನೀರು ಬೇಕಾ?” ಎಂದು ಕೇಳಿದಳು. ಹ್ಞೂಂ, ಗಂಟಲೊಣಗಿದೆ ಎಂದು ಹೇಳಹೋದ. ಬಾಯಿಂದ ಬಂದದ್ದು, “ಸಲಾಂ.”

ಅವನೇ ಬೆಚ್ಚಿದ. ಮತ್ತೆ ಪ್ರಯತ್ನಿಸಿದ. ಮತ್ತೆ ಅದೇ.

“ಇದು ಅವರು ಬೇಕಂತ ಹೇಳ್ತಿರೋದಲ್ಲ,” ಎಂದರು ಡಾಕ್ಟರಮ್ಮ. “ಮಾತಿನ ಜಾಗಕ್ಕೆ ಪೆಟ್ಟಾಗಿದೆ. ವರ್ಷಗಟ್ಟಲೆ ಹೇಳಿ ರೂಢಿಯಾದ ಒಂದೆರಡು ಮಾತು ಮಾತ್ರ ಕೆಲವರಿಗೆ ಉಳ್ಕೊಳ್ಳುತ್ತೆ. ಗದರಿಸಬೇಡಿ. ಮಾತಾಡಿಸ್ತಾ ಇರಿ, ನಿಧಾನಕ್ಕೆ ಬರಬಹುದು.”

ಮುನಿಕೃಷ್ಣ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಊರಿಗೆ ಬಂದ ಮೇಲೆ ಅದನ್ನು ಯಾರಿಗೂ ಹೇಳಲಿಲ್ಲ.

ನೋಡಲು ಬಂದವರೆಲ್ಲ ಹೇಗಿದ್ದೀಯ ನರಸಣ್ಣ ಎಂದು ಕೇಳಿದರು. ಸಲಾಂ ಎಂದ. ಮೊದಮೊದಲು ಅಯ್ಯೋ ಎಂದರು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೂ ಆಮೇಲೆ, ಅದನ್ನು ಕೇಳುವುದಕ್ಕೆಂದೇ ಬರತೊಡಗಿದರು. ಸಮಿತಿಯ ಕೆಂಪರಾಜು ಫೋನು ಎತ್ತಿ ಹಿಡಿದು, “ನರಸಣ್ಣ, ನಮ್ಮ ದೇವ್ರು ಯಾರು ಹೇಳು?” ಎಂದ. ರಂಗಪ್ಪ ಎಂದು ಹೇಳಲು ನರಸಯ್ಯನ ಕತ್ತಿನ ನರಗಳೆಲ್ಲ ಉಬ್ಬಿದವು. ಬಂದದ್ದು ಅದೇ ಮಾತು. ಸಂಜೆಯೊಳಗೆ ಆ ವಿಡಿಯೊ ಮಾಗಡಿಯಿಂದ ಕನಕಪುರದವರೆಗೆ ಓಡಾಡಿತು. ಕೂಗು ಬದಲಾಯಿಸಿದ್ದಕ್ಕೆ ಮುದುಕ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದರು ಕೆಲವರು. ಸಾಬರು ಮದ್ದು ಹಾಕಿದ್ದಾರೆ ಎಂದರು ಇನ್ನು ಕೆಲವರು.

ಒಂದು ಮಧ್ಯಾಹ್ನ ನರಸಯ್ಯ ಕೋಲೂರಿಕೊಂಡು, ಕಾಲೆಳೆಯುತ್ತ ಮತೀನನ ಮನೆಗೆ ಹೋದ. ಗರುಡಗಂಬದ ಪಕ್ಕ ಕೂಗಿದ್ದು ತಾನಾದರೆ ಜಗಲಿಯ ಮೇಲೆ ಬಡಿದವನು ಅವನು. ಅವನೊಬ್ಬನಿಗಾದರೂ ಇದು ಅರ್ಥವಾದೀತು ಎಂಬ ಆಸೆ. ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತಿದ್ದ ಮತೀನ್ ತಲೆಯೆತ್ತಿ ನೋಡಿದ. “ಸಲಾಂ,” ಎಂದ ನರಸಯ್ಯ. ಆ ಮನೆಯಲ್ಲಿ ಅದು ಸರಿಯಾದ ಮಾತೇ. ಆದರೆ ಮತೀನನ ಕಣ್ಣು ಬೀದಿಯ ಆಚೆ ಈಚೆ ಹರಿದಾಡಿತು.

“ನರಸಣ್ಣ, ದಮ್ಮಯ್ಯ ಅಂತೀನಿ, ಇಲ್ಲಿಗೆ ಬರಬ್ಯಾಡ. ನಾನೇ ನಿಂಗೆ ಹೇಳ್ಕೊಟ್ಟಿವ್ನಿ ಅಂತ ಅಂಗಡಿತಾವ ಮಾತಾಡ್ತಾವ್ರೆ. ನಂಗೂ ಮೊಮ್ಮಕ್ಕಳವೆ.”

ನರಸಯ್ಯ ಹೊಸ್ತಿಲ ಮೇಲೆ ಕೋಲಿಟ್ಟ. ಮತೀನ್ ಕೋಲನ್ನು ಮೆಲ್ಲಗೆ ಎತ್ತಿ ಹೊರಗಿಟ್ಟು, ಬಾಗಿಲು ಹಾಕಿಕೊಂಡ.

ಕುಂಭಾಭಿಷೇಕ ಹತ್ತಿರ ಬಂದಿತ್ತು. ಸ್ವಾಮೀಜಿಯೊಬ್ಬರು ಬರುವವರಿದ್ದರು. ದೀವಟಿಗೆ ಮನೆತನದ ಹಿರಿಯ ಮುಂದಿನ ಸಾಲಿನಲ್ಲಿ ಕೂರಬೇಕು, ಅದು ಪದ್ಧತಿ. ಮುನಿಕೃಷ್ಣನಿಗೆ ನಿದ್ದೆ ಬರಲಿಲ್ಲ. “ಸ್ವಾಮ್ಗಳು ಮಾತಾಡ್ಸುದ್ರೆ ಏನ್ಲಾ ಮಾಡೀಯ?” ಎಂದು ಕೆಂಪರಾಜು ನಾಲ್ಕು ಜನರ ಮುಂದೆ ಕೇಳಿದ್ದ.

“ದೊಡ್ಡವ್ವ, ಮರಳವಾಡಿ ಕಡೆ ಬರೆ ಹಾಕೋರು ಒಬ್ರವ್ರೆ,” ಎಂದ ಮುನಿಕೃಷ್ಣ. “ಲಕ್ವ ಹೊಡ್ದೋರ್ನ ನಡಸವ್ರೆ. ಕರ್ಕೊಂಡೋಗವಾ.”

“ಮಾತು ಬತ್ತದಾ?” ಎಂದು ಕೇಳಿದಳು ವರಲಕ್ಷ್ಮಮ್ಮ.

“ಬತ್ತದೆ.”

ಅವಳು ಗಂಡನಿಗೆ ಒಗೆದ ಪಂಚೆ ಉಡಿಸಿ, ತಲೆ ಬಾಚಿ ಕಾರು ಹತ್ತಿಸಿದಳು. ದಾರಿಯುದ್ದಕ್ಕೂ ಅವನ ಬಿದ್ದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಮಾತು ಬಂದ ಕೂಡಲೇ ಮೊದಲು ನನ್ನ ಹೆಸರು ಹೇಳಬೇಕು ನೋಡಿ ಎಂದಳು. ಇಷ್ಟು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ನರಸಯ್ಯ ಸೊಟ್ಟ ಬಾಯಲ್ಲೇ ನಕ್ಕ.

ಬರೆ ಹಾಕುವವನು ಹುಣಸೆ ಮರದ ಕೆಳಗೆ ಕೆಂಡ ಮಾಡಿಕೊಂಡು ಕೂತಿದ್ದ. ಕಪಾಲಕ್ಕೊಂದು, ಕಾಲಿಗೊಂದು ಎಂದ. ಮುನಿಕೃಷ್ಣ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ನರಸಯ್ಯನ ಕಿವಿ ಚುರುಕಾಗಿತ್ತು. “ಅಲ್ಲೆಲ್ಲ ಬ್ಯಾಡ. ನಾಲಿಗೆಗೆ ಹಾಕಿ. ಮಾತೇ ನಿಂತೋದ್ರೂ ಚಿಂತೆ ಇಲ್ಲ.”

ನರಸಯ್ಯ ಏಳಲು ನೋಡಿದ. ಎರಡು ಕೈಗಳು ಹೆಗಲು ಒತ್ತಿ ಮಲಗಿಸಿದವು. “ದೊಡ್ಡವ್ವ, ತಲೆ ಅಲ್ಲಾಡ್ದಂಗೆ ಹಿಡ್ಕೊ,” ಎಂದ ಮುನಿಕೃಷ್ಣ. ವರಲಕ್ಷ್ಮಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೆನ್ನೆ ಅವುಚಿದಳು. “ಒಸಿ ತಡ್ಕೊಳಿ, ಒಸಿ,” ಎಂದಳು. ಬೇಡ, ಬಿಡಿಸು, ಇವನು ಹೇಳಿದ್ದು ಸುಳ್ಳು ಎಂದು ನರಸಯ್ಯ ಅವಳಿಗೆ ಹೇಳಿದ. ಹೇಳುತ್ತಲೇ ಇದ್ದ. ಸಲಾಂ, ಸಲಾಂ, ಸಲಾಂ ಎಂದು ಹುಣಸೆ ಮರದ ಹಕ್ಕಿಗಳು ಹಾರುವಂತೆ ಹೇಳಿದ.

“ನೋಡ್ದಾ, ಹೆಂಗೆ ಕೂಗ್ತದೆ,” ಎಂದ ಬರೆ ಹಾಕುವವನು. ಬಟ್ಟೆಯಲ್ಲಿ ನಾಲಿಗೆ ಹಿಡಿದು ಎಳೆದ. ಕಾದ ಕಬ್ಬಿಣ ಇಟ್ಟ. ಒಮ್ಮೆ ಇಟ್ಟು, ಮುನಿಕೃಷ್ಣನ ಮುಖ ನೋಡಿ, ಇನ್ನೊಮ್ಮೆ ಇಟ್ಟ.

ಮಾರನೆಯ ದಿನಕ್ಕೆ ನಾಲಿಗೆ ಬಾಯಿ ತುಂಬ ಊದಿಕೊಂಡು ಉಸಿರೂ ಕಷ್ಟವಾಯಿತು. ಮತ್ತೆ ರಾಮನಗರ. ಕೆಲವು ದಿನಕ್ಕೆ ನಾಲಿಗೆಯ ಕೊಳೆತ ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಯಾರು ಇದನ್ನು ಮಾಡಿದ್ದು ಎಂದು ಡಾಕ್ಟರಮ್ಮ ಕೂಗಾಡಿದರು. ಮುನಿಕೃಷ್ಣ ವರಲಕ್ಷ್ಮಮ್ಮನ ಕಡೆ ನೋಡಿದ. “ಬಿಸಿ ಗಂಜಿ ಕುಡುದ್ಬುಟ್ರು,” ಎಂದಳು ಅವಳು. ಸಾಕಿದ ಮಗ ಜೈಲಿಗೆ ಹೋದಾನೆಂಬ ಹೆದರಿಕೆ. ಹಾಸಿಗೆಯಲ್ಲಿದ್ದ ನರಸಯ್ಯ ಅದನ್ನೂ ಕೇಳಿಸಿಕೊಂಡ. ಬಾಯಲ್ಲಿ ಈಗ ಯಾವ ಮಾತೂ ಇರಲಿಲ್ಲ.

ಕುಂಭಾಭಿಷೇಕದ ದಿನ ಅವನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿಟ್ಟರು. ದೀವಟಿಗೆ ಹಿಡಿದವನು ಮುನಿಕೃಷ್ಣ, ಜರಿಪೇಟ ಸುತ್ತಿಕೊಂಡು. ನಮಸ್ಕಾರ ಎಂದು ಮೈಕಿನಲ್ಲಿ ಕೂಗಿದ. ಆಮೇಲೆ ಮೈಕನ್ನು ಕೈಗೆತ್ತಿಕೊಂಡು, “ನಮ್ಮ ದೊಡ್ಡಪ್ಪನವರು ತಮ್ಮ ಮಾತನ್ನೇ ರಂಗಪ್ಪನ ಪಾದಕ್ಕೆ ಒಪ್ಪಿಸಿದ್ದಾರೆ,” ಎಂದ. ಜನ ಚಪ್ಪಾಳೆ ತಟ್ಟಿದರು. ಸ್ವಾಮೀಜಿ ಶಾಲು ಹೊದಿಸಿದರು. ನರಸಯ್ಯನ ಕಣ್ಣಲ್ಲಿ ನೀರು ಸುರಿಯಿತು. ಎಂಥ ಭಕ್ತಿ ಎಂದು ಹೆಂಗಸರು ಕೈ ಮುಗಿದರು.

ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ ವರಲಕ್ಷ್ಮಮ್ಮನಿಗೆ ಬೆನ್ನ ಹಿಂದಿನಿಂದ ಮುನಿಕೃಷ್ಣನ ದನಿ ಕೇಳಿಸಿತು. ಅವನು ಕೆಂಪರಾಜುವಿಗೆ ಹೇಳುತ್ತಿದ್ದ. “ನಾಲಿಗೆಗೇ ಹಾಕಿ ಅಂತ ನಾನೇ ಹೇಳ್ದೆ ಕಣ್ಲಾ. ಇಲ್ದಿದ್ರೆ ಇವತ್ತು ಮಾನ ಹೋಗ್ತಿತ್ತು.” ಅವಳು ಪಂಕ್ತಿಯ ಕೊನೆಯವರೆಗೂ ಬಡಿಸಿದಳು. ಪಾತ್ರೆ ಇಟ್ಟು ಮನೆಗೆ ನಡೆದಳು.

ನರಸಯ್ಯ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ. ಅವಳು ರಾಗಿ ಅಂಬಲಿ ಬೆರೆಸಿ ತಂದು ಎದುರಿಗೆ ಕೂತಳು. “ಮಾತು ಬತ್ತದೆ ಅಂದ. ನಾನು ನಂಬ್ದೆ,” ಎಂದಳು. “ನೀವು ಬ್ಯಾಡ ಅಂತಿದ್ರಾ ಆವಾಗ?”

ಅವನು ತಲೆ ಆಡಿಸಿದ. ಹೌದು.

ಅವಳು ಅಂಬಲಿಯನ್ನು ಇನ್ನೊಮ್ಮೆ ಕದಡಿದಳು. ಆಮೇಲೆ ಚಮಚ ಎತ್ತಿ ಅವನ ಬಾಯಿಯ ಹತ್ತಿರ ತಂದು, ರೂಢಿಯಂತೆ ಇನ್ನೊಂದು ಕೈಯಿಂದ ಗಲ್ಲ ಹಿಡಿಯಲು ಹೋದಳು. ಅವತ್ತು ಕೆನ್ನೆ ಅವುಚಿದ್ದ ಆ ಬೆರಳು ತಾಕಿದ್ದೇ ನರಸಯ್ಯನ ದವಡೆ ಕಚ್ಚಿಕೊಂಡಿತು. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಬಾಯಿ ತೆರೆಯಲು ನಿಜವಾಗಿಯೂ ನೋಡಿದ. ತೆರೆಯಲಿಲ್ಲ. ಅಂಬಲಿ ಗಲ್ಲದಿಂದ ಇಳಿದು ಎದೆಗೆ ಹರಿಯಿತು.

ಎಡಗೈ ಚಾಚಿ ಬಟ್ಟಲನ್ನು ಅವಳ ಮಡಿಲಿಂದ ತೆಗೆದುಕೊಂಡ. ಗೋಡೆಯ ಕಡೆಗೆ ತಿರುಗಿ ಕೂತು, ಅರ್ಧ ಚೆಲ್ಲುತ್ತ, ಅರ್ಧ ಕುಡಿಯುತ್ತ, ತಾನೇ ಮುಗಿಸಿದ. ಅವನು ಬದುಕಿದ್ದಷ್ಟು ಕಾಲ ಹಾಗೆಯೇ ಉಂಡ. ಅವಳು ಚೆಲ್ಲಿದ್ದನ್ನು ಒರೆಸುತ್ತಿದ್ದಳು, ನೆಲದ ಮೇಲಿನದನ್ನು ಮಾತ್ರ.