ಅಂಗಿ ಎತ್ತಿ ನೋಡುವ ಊರು

ಸೊರಬ ಸೀಮೆಯ ಈ ಹಳ್ಳಿಗೆ ಬಂದ ಮರುದಿನವೇ ಗುರುತಿಲ್ಲದ ಹೆಂಗಸೊಬ್ಬಳು ಹೇಳದೆ ಕೇಳದೆ ಮನೆಯೊಳಗೆ ಬಂದು, ಸೀನುತ್ತಿದ್ದ ನನ್ನ ಹನ್ನೊಂದು ತಿಂಗಳ ಮಗಳ ಅಂಗಿ ಎತ್ತಿ ಪಕ್ಕೆಲುಬು ನೋಡಿದಳು. ನೋಡಿ, ಬಂದ ಹಾಗೆಯೇ ಹೊರಟುಹೋದಳು. ನಮ್ಮ ಬಳ್ಳಾರಿಯಲ್ಲಿ ಹೀಗೆ ಮಾಡಿದ್ದರೆ ನಮ್ಮ ಅತ್ತೆ ಅವಳ ಕೈ ಮುರಿಯುತ್ತಿದ್ದರು.

ನನ್ನ ಗಂಡ ಇಲ್ಲಿನ ಶಾಲೆಗೆ ವರ್ಗವಾಗಿ ಬಂದ ಮೇಷ್ಟರು. ಕನ್ನಡನಾಡು ಒಂದಾಯಿತೆಂದು ಎಲ್ಲರೂ ಹಿಗ್ಗುತ್ತಿದ್ದ ಕಾಲ. ನನಗಂತೂ ಇದು ಪರದೇಶ. ಅಲ್ಲಿ ಒಗೆದ ಬಟ್ಟೆ ಗಳಿಗೆಯಲ್ಲಿ ಒಣಗುತ್ತಿತ್ತು, ಇಲ್ಲಿ ಮೂರು ದಿನವಾದರೂ ಮುಗ್ಗಲು ವಾಸನೆ. ಮೂರು ಹೊತ್ತೂ ಅನ್ನ. ಶಿರಾಳಕೊಪ್ಪದ ಸಂತೆಯಿಂದ ಜೋಳ ತಂದು ರೊಟ್ಟಿ ಬಡಿದರೆ, ಸದ್ದು ಕೇಳಿ ಅಕ್ಕಪಕ್ಕದವರು ಬಂದು ನಕ್ಕರು. ಅಂದು ಹುಟ್ಟಿದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಅಂಗಿ ಎತ್ತಿದವಳು ಪಕ್ಕದ ಮನೆಯ ನಾಗಮ್ಮ. ಮಗುವಿಗೆ ನೆಗಡಿಯಾದರೆ ಇಲ್ಲಿ ನೆರೆಯವರು ಬಂದು 'ಪಕ್ಕೆ ನೋಡುತ್ತಾರೆ'. ಉಸಿರೆಳೆದಾಗ ಪಕ್ಕೆಯಲ್ಲಿ ಗುಳಿ ಬೀಳುತ್ತದೆಯೇ ಎಂದು ನೋಡುವ ರೂಢಿ. ಇದು ನನಗೆ ತಿಳಿದದ್ದು ಆಮೇಲೆ. ಬಡಕಲು ಕೂಸಿನ ಎಲುಬು ಎಣಿಸಿ ಕಣ್ಣು ಹಾಕುತ್ತಿದ್ದಾಳೆ ಎಂದುಕೊಂಡು, ಮೂರನೆಯ ದಿನ ಮತ್ತೆ ಬಂದಾಗ ಅವಳ ಮುಖಕ್ಕೆ ಬಾಗಿಲು ಹಾಕಿದೆ.

ನೆಗಡಿ ನನಗೇನು ಹೊಸದೇ? ನಮ್ಮಮ್ಮ ಮಾಡುತ್ತಿದ್ದಂತೆ ಕೂಸನ್ನು ಕೌದಿಯಲ್ಲಿ ಬಿಗಿಯಾಗಿ ಸುತ್ತಿ, ಕಿಟಕಿ ಮುಚ್ಚಿ, ಅಜವಾನದ ಹೊಗೆ ಹಾಕಿದೆ. ಮೂಗು ಸೋರುವುದು ನಿಂತಿತು. ಗೆದ್ದೆ ಅಂದುಕೊಂಡೆ. ಐದನೆಯ ದಿನ ಬೆಳಿಗ್ಗೆ ಮಗು ಹಾಲು ಎಳೆಯಲಿಲ್ಲ, ಅಳಲೂ ಇಲ್ಲ. ನಿದ್ದೆಯಿರಬೇಕೆಂದು ಕೌದಿಯನ್ನು ಇನ್ನೊಂದು ಸುತ್ತು ಸುತ್ತಿದೆ.

ಗೋಡೆಯಾಚೆ ಅಳು ಕೇಳಿಸದ್ದರಿಂದಲೇ ನಾಗಮ್ಮನಿಗೆ ಅನುಮಾನ ಬಂದಿತ್ತು. ಹಿತ್ತಿಲ ಬಾಗಿಲಿಂದ ಬಂದವಳು, ನಾನು ಬೈಯುತ್ತಿದ್ದರೂ ಕೌದಿ ಬಿಚ್ಚಿ ಅಂಗಿ ಎತ್ತಿದಳು. ಪ್ರತಿ ಉಸಿರಿಗೂ ಪಕ್ಕೆಯಲ್ಲಿ ಗುಳಿ ಬೀಳುತ್ತಿತ್ತು.

"ನೋಡ್ರೀ ಇಲ್ಲಿ. ಇದು ನೆಗಡಿ ಅಲ್ಲ. ನನ್ ಮೇಲಿನ ಸಿಟ್ಟು ಆಮೇಲೆ ತೀರಿಸ್ಕೊಳ್ಳಿ, ಮೊದ್ಲು ಡಾಕ್ಟ್ರ ಹತ್ರ ನಡೀರಿ."

ಶಿರಾಳಕೊಪ್ಪದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗು ಅವಳ ತೊಡೆಯ ಮೇಲಿತ್ತು. ಪೆನಿಸಿಲಿನ್ ಚುಚ್ಚಿದ ಡಾಕ್ಟರು, ಒಂದು ದಿನ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಹಾಲು ಬಿಟ್ಟ, ಪಕ್ಕೆ ಸೆಳೆಯುವ ಮಗುವನ್ನು ಇಟ್ಟುಕೊಂಡು ಮನೆಮದ್ದು ಮಾಡುತ್ತ ಕೂರುತ್ತೀರಾ ಎಂದು ಬೈದರು. ನಾಗಮ್ಮ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಮಗಳು ಉಳಿದಳು. ಕಳೆದ ಸಲ ಬಳ್ಳಾರಿಗೆ ಹೋದಾಗ ತಮ್ಮನ ಕೂಸಿಗೆ ನೆಗಡಿಯಾಗಿತ್ತು. ಹಾಲು ಬೇಡವೆನ್ನುತ್ತಿದೆ ಎಂದರು. ನನಗರಿವಿಲ್ಲದೆಯೇ ಕೈ ಕೌದಿ ಬಿಚ್ಚಿತು. ಪಕ್ಕೆ ಕಾಣುವ ಮೊದಲೇ ತಮ್ಮನ ಹೆಂಡತಿ ಕೂಸನ್ನು ಕಸಿದುಕೊಂಡಳು.

"ನನ್ ಕೂಸಿನ ಎಲುಬು ಎಣಿಸ್ತೀರೇನಕ್ಕಾ? ಆ ಊರಾಗ ಇದನ್ನ ಕಲ್ತು ಬಂದ್ರೇನು?"

ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಹುಟ್ಟಿ ಬೆಳೆದ ಮನೆಯ ಪಡಸಾಲೆಯಲ್ಲಿ ಯಾರೋ ಆಗಿ ನಿಂತಿದ್ದೆ. ಆ ಕೋಣೆಗೆ ಹಿತ್ತಿಲ ಕಡೆಯಿಂದಲೂ ಒಂದು ಬಾಗಿಲಿದೆ. ನಾನು ಹಿತ್ತಿಲಿಗೆ ನಡೆದೆ.