ಗಿರಿಜತ್ತೆಯ ಕೆನ್ನೆಯ ಬಂಗು

ಮೊನ್ನೆ ಮಗಳು ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬು ತಂದು, ಇದರಲ್ಲಿ ಜೇಷ್ಠಮಧುವಿನ ಸಾರ ಇದೆ, ಬಿಸಿಲಿನ ಕಲೆ ತೆಗೆಯುತ್ತದೆ ಎಂದಳು. ಮುಚ್ಚಳ ತೆಗೆದು ಮೂಸಿದೆ. ಸುಗಂಧದ ಅಡಿಯಲ್ಲಿ ಎಲ್ಲೋ ಆ ಸಿಹಿ ಬೆರೆತ ಮಣ್ಣಿನ ವಾಸನೆ ಸಿಕ್ಕಿತು. ಕೊಟ್ಟೂರಿನ ನಮ್ಮ ಮನೆಯ ಹಿತ್ತಲ ಕಟ್ಟೆ, ಒದ್ದೆ ಸಾಣೆಕಲ್ಲು, ಅದರ ಮೇಲೆ ಬೇರು ತೇಯುವ ಅಜ್ಜಿಯ ಕೈ, ಎಲ್ಲ ಒಟ್ಟಿಗೆ ಬಂದವು. ಆ ಮನೆ ಗಡಿಯಾರದಂತೆ ನಡೆಯುತ್ತಿತ್ತು. ಐದಕ್ಕೆ ಏಳಬೇಕು, ಆರಕ್ಕೆ ನಾನು ಪಾತ್ರೆ ಬೆಳಗಬೇಕು, ದೀಪ ಹಚ್ಚಿದ ಮೇಲೆ ಅಪ್ಪನ ತಂಗಿ ಗಿರಿಜತ್ತೆ ಅಜ್ಜಿಯ ಎದುರು ಮುಖ ಚಾಚಿ ಕೂರಬೇಕು. ಹೊಲದ ಬಿಸಿಲಿಗೆ ಅತ್ತೆಯ ಎರಡೂ ಕೆನ್ನೆಗೆ ಬಂಗು ಬಂದಿತ್ತು. ಗ್ರಂಥಿಗೆ ಅಂಗಡಿಯಿಂದ ತಂದ ಜೇಷ್ಠಮಧುವನ್ನು ಅಜ್ಜಿ ಹಾಲಿನಲ್ಲಿ ತೇದು ಹಚ್ಚುತ್ತಿದ್ದಳು, ಮಲಗುವ ಮೊದಲು ತೊಳೆಸುತ್ತಿದ್ದಳು. "ಹೊತ್ತು ಮುಣುಗಿದ ಮ್ಯಾಲೇ ಹಚ್ಚೋದು. ಔಷಧ ಹಚ್ಚಿದ ಮುಖ ಬಿಸಿಲಿಗೆ ತೋರಿಸಬಾರದು," ಎಂಬುದು ಅವಳ ಕಟ್ಟಪ್ಪಣೆ.

ತೊಂಬತ್ತರ ದಶಕದ ನಡುವಿನ ಮಾತು, ನನಗೆ ಹತ್ತು ವರ್ಷ. ಹರಪನಹಳ್ಳಿ ಕಡೆಯ ಒಬ್ಬ ಮೇಷ್ಟ್ರು ಅತ್ತೆಯನ್ನು ನೋಡಲು ಬರುವವರಿದ್ದರು. ಹಿಂದೆ ಬಂದ ಇಬ್ಬರು ಕೆನ್ನೆ ನೋಡಿ ಮಾತು ಮುಂದುವರಿಸಿರಲಿಲ್ಲ. ಈ ಮೇಷ್ಟ್ರನ್ನು ಅತ್ತೆ ಯಾರದೋ ಮದುವೆಯಲ್ಲಿ ಕಂಡಿದ್ದಳು. "ಎದುರಿನವರ ಮಾತು ಮುಗಿಯೋತನ ಕಾಯ್ತಾರ ಲೇ ಸುಮಿ, ಅಂಥವರು ಎಲ್ಲಿ ಸಿಗ್ತಾರ," ಎಂದು ನನಗೊಬ್ಬಳಿಗೇ ಹೇಳಿ ನಕ್ಕಿದ್ದಳು. ಮೂರೇ ದಿನ ಉಳಿದಿತ್ತು, ಬಂಗು ಅರ್ಧ ಮಾತ್ರ ತಿಳಿಯಾಗಿತ್ತು. ನಾನೋ ದಿನಾ ನಿಂಬೆಹೋಳಿನಿಂದ ಹಿತ್ತಾಳೆ ತಂಬಿಗೆ ಉಜ್ಜುವವಳು, ಕಪ್ಪು ಹೋಗಿ ಅದು ಹೇಗೆ ಹೊಳೆಯುತ್ತದೆ ಎಂದು ಬಲ್ಲವಳು. ಅಜ್ಜಿ ಗುಡಿಗೆ ಹೋದ ಬೆಳಿಗ್ಗೆ, ಬಟ್ಟಲಲ್ಲಿ ಉಳಿದಿದ್ದ ಬೇರಿನ ಗಂಧಕ್ಕೆ ನಿಂಬೆ ಹಿಂಡಿ, "ಅಜ್ಜಿ ಹೇಳ್ಯಾಳ, ಇದನ್ನ ಈಗೂ ಹಚ್ಕೋಬೇಕಂತ," ಎಂದೆ. "ಈ ಹೊತ್ತಿನಾಗಾ?" ಎಂದಳು ಅತ್ತೆ. ಆದರೆ ಅಜ್ಜಿ ಹೇಳಿದ್ದನ್ನು ಎರಡನೆಯ ಸಲ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಹಚ್ಚಿಕೊಂಡೇ ಶೇಂಗಾ ಕೀಳಲು ಹೊಲಕ್ಕೆ ಹೋದಳು.

ಸಂಜೆ ಬಂದಾಗ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು. ಮೂರನೆಯ ದಿನಕ್ಕೆ ಬಂಗಿನ ಮೇಲೆ ಸುಟ್ಟಂಥ ಕಪ್ಪು ಪಟ್ಟೆ ಮೂಡಿತು. ನಿಂಬೆ ಹಿಂಡಿ ಹಚ್ಚಿದ್ದು ಯಾರೆಂದು ಅಜ್ಜಿ ಕೇಳಿದಳು. ಅತ್ತೆ ನನ್ನ ಕಡೆ ನೋಡಲೇ ಇಲ್ಲ. "ನಾನೇ ಹಚ್ಕೊಂಡೆ, ಅವ್ವ." "ಇಪ್ಪತ್ನಾಕು ತುಂಬೇತಿ, ತಂಬಿಗಿಗೂ ಮುಖಕ್ಕೂ ಫರಕು ತಿಳೀಲಿಲ್ಲಲ್ಲ ನಿನಗ," ಎಂದಳು ಅಜ್ಜಿ. ನಾನು ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಬಂದವರು ಚಹಾ ಕುಡಿದು, ಕಾಗದ ಬರೆಯುತ್ತೇವೆಂದು ಹೇಳಿ ಹೋದರು. ಕಾಗದ ಬರಲಿಲ್ಲ.

ಈಗ ಅಜ್ಜಿಯಿಲ್ಲ. ಮುಂದೆ ಇಟ್ಟಿಗಿ ಎಂಬ ಊರಿಗೆ ಸೊಸೆಯಾಗಿ ಹೋದ ಅತ್ತೆಯೂ ಇಲ್ಲ. ಆ ಹಿತ್ತಲಲ್ಲಿ ಬೇರೆಯವರ ಗೋಡೆ ಎದ್ದಿದೆ. ನನಗೆ ಉಳಿದಿರುವುದು ಒಂದು ಸಂಜೆ. ಐದು ತಿಂಗಳು ಬಿಡದೆ ಹಚ್ಚಿ ಅತ್ತೆಯ ಕೆನ್ನೆ ತಿಳಿಯಾಗಿತ್ತು. ಮೇಷ್ಟ್ರ ಮದುವೆ ಬೇರೆ ಕಡೆ ಆಯಿತೆಂಬ ಸುದ್ದಿ ಅವತ್ತೇ ಬಂದಿತ್ತು. ದೀಪ ಹಚ್ಚಿದ ಮೇಲೆ ಅಜ್ಜಿ ಎಂದಿನಂತೆ ಗಂಧದ ಬಟ್ಟಲು ತಂದಿಟ್ಟಳು. ಅತ್ತೆ ಅದನ್ನು ಎತ್ತಿಕೊಂಡು ನನ್ನೆದುರು ಕೂತಳು. "ಬಾ ಇಲ್ಲಿ. ಬಿಸಿಲಾಗ ಆಡಿ ಮುಖ ಹೆಂಗಾಗೇತಿ ನೋಡು." ಅವಳ ತಣ್ಣನೆಯ ಬೆರಳು ನನ್ನ ಹಣೆ, ಕೆನ್ನೆ, ಗದ್ದದ ಮೇಲೆ ನಿಧಾನಕ್ಕೆ ಓಡಾಡಿತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಮಾತಾಡಬ್ಯಾಡ," ಎಂದಳು. "ಬಾಯಾಗ ಹೋಗ್ತೈತಿ."